ಕರೆಂಟ್ ಹೋದ್ರೂ ಉರಿಯೋ ಬಲ್ಬ್: ಎರಡ ಸಾಕ್ರಿ, ಆರು ತಗೋಬ್ಯಾಡ್ರಿ

ಮೊದಲ ಹೇಳಿಬಿಡ್ತೀನಿ, ಇದು ಇನ್ವರ್ಟರ್ ಅಲ್ರಿ, ಇನ್ವರ್ಟರ್ ಬಲ್ಬ್. ಒಳಗ ಸಣ್ಣ ಲಿಥಿಯಂ ಬ್ಯಾಟರಿ ಇರೋ 9 ವ್ಯಾಟ್ ಎಲ್‌ಇಡಿ. ಕರೆಂಟ್ ಇದ್ದಾಗ ಸಾದಾ ಬಲ್ಬ್‌ನಂಗ ಉರಿತೈತಿ, ಹೋದಾಗ ಬ್ಯಾಟರಿ ಮ್ಯಾಲೆ ಉರಿತೈತಿ. ಇಲ್ಲೆ ಗೋವಾದ ವಾಸ್ಕೋ ಮಾರ್ಕೆಟ್‌ನ್ಯಾಗ ಒಂದಕ್ಕ 380 ರೂಪಾಯಿಯಂಗ ಎರಡು ತಂದಿದ್ವಿ. ಕಂಪನಿ ಹೆಸರು ಹೇಳಂಗಿಲ್ಲ, ಯಾವುದು ತಗೊಂಡ್ರೂ ಒಳಗಿನ ಲೆಕ್ಕ ಬಹಳ ಬ್ಯಾರೆ ಇರಂಗಿಲ್ಲ.

ಯಾಕ ತಂದ್ವಿ ಅಂದ್ರ, 2021ರ ಮೇ 16, ಭಾನುವಾರ, ತೌಕ್ತೆ ಚಂಡಮಾರುತ ಗೋವಾ ದಂಡಿಗುಂಟ ಹಾದು ಹೋತಲ್ರಿ, ಆವಾಗ ನಮ್ಮ ಬೈನಾ ಓಣ್ಯಾಗ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ, ಮ್ಯಾಲೆ ಕೊರೊನಾ ಕರ್ಫ್ಯೂ, ಅಂಗಡಿಗೆ ಹೋಗಿ ಏನರ ತರೂಣು ಅಂದ್ರ ಅದೂ ಇಲ್ಲ. ಮನ್ಯಾಗ ಇದ್ದಿದ್ದು ಮೂರು ಮೇಣಬತ್ತಿ. ಮೂರು ವರ್ಷದ ಮಗಳು ಹ್ಯಾಪಿ ಬರ್ತ್‌ಡೇ ಅಂತ ಊದಾಕ ಹೋಗಿ ಮುಂದಲೆ ಕೂದಲ ಚುರ್ ಅನಿಸ್ಕೊಂಡ್ಳು. ಅವತ್ತಿಂದ ನಮ್ಮನ್ಯಾಗ ಮೇಣಬತ್ತಿ ಬಂದ್.

ಈ ಸಲ ಮಳಿಗಾಲ ಸುರು ಆಗೂ ಮುಂಚೆ ಒಂದಿನ ರಾತ್ರಿ ಎಂಟೂವರಿ, ನಾ ರೊಟ್ಟಿ ಬಡಿಯಾಕತ್ತಿದ್ದೆ, ಸಮುದ್ರದ ಕಡಿಂದ ಗಾಳಿ ಬಂದದ್ದ ಬಂದದ್ದು, ಪತ್ರಾ ಎಲ್ಲಾ ದಡದಡ, ಕರೆಂಟ್ ಹೋತು. ಬಲ್ಬ್ ಮಾತ್ರ ಜರಾ ಮಂದ ಆತು, ಆರಲಿಲ್ಲ. ಸಣ್ಣಾವ್ನಿಗೆ ಈಗ ಮೂರು ವರ್ಷ, ಅವ್ನಿಗೆ ಕರೆಂಟ್ ಹೋಗಿದ್ದ ಗೊತ್ತಾಗ್ಲಿಲ್ರಿ, ಫ್ಯಾನ್ ಯಾಕ ನಿಂತೈತಿ ಅಂತ ಕೇಳಿದ ಅಷ್ಟ. ಸಣ್ಣ ಮಕ್ಕಳಿದ್ದ ಮನಿಗೆ ಈ ಒಂದು ವಿಷಯಕ್ಕ ನಾ ಫುಲ್ ಮಾರ್ಕ್ಸ್ ಕೊಡ್ತೀನಿ, ಕತ್ತಲಾಗಿ ಚೀರಿ ಅಳೂದು, ಟಾರ್ಚ್ ಎಲ್ಲೈತಿ ಅಂತ ಹುಡುಕೂದು ಯಾವುದೂ ಇಲ್ಲ.

ಆಮ್ಯಾಲೆ ಗುಡುಗು ಮಿಂಚು ಸುರು ಆತು ನೋಡ್ರಿ, ನಮ್ಮತ್ತಿ ಎಲ್ಲಾ ಪ್ಲಗ್ ಕೀಳಿಸಿದ್ರು, ಫ್ಯಾನ್ ಸ್ವಿಚ್ ಆಫ್, ಕಡೀಕ ಮೇನ್ ಸ್ವಿಚ್ಚೂ ಇಳಿಸಿದ್ರು. ಇಳಿಸಿದ್ದ ತಡ ಎರಡೂ ಬಲ್ಬ್ ಪುಸ್ಕ. ಬ್ಯಾಟರಿ ಬಲ್ಬ್ ಐತಿ, ಮೇನ್ ಆಫ್ ಮಾಡಿದ್ರ ಇದಕ್ಕೇನ ಆಗಬೇಕು ಅಂತ ನಮ್ಮ ಮನಿಯವ್ರು ಅಂಗಡಿಯಾವ್ನಿಗೆ ಬೈದದ್ದ ಬೈದದ್ದು. ಬಾಜೂ ಮನಿ ಕಾಕಾ ಎಲೆಕ್ಟ್ರಿಷಿಯನ್, ಗದಗ ಕಡಿಯವ್ರು, ಕಿಟಕ್ಯಾಗಿಂದ ಒದರಿ ಹೇಳಿದ್ರು, ಫ್ಯಾನ್ ಸ್ವಿಚ್ ಹಾಕ್ರಿ, ರೆಗ್ಯುಲೇಟರ್ ಫುಲ್ ಇಡ್ರಿ ಅಂತ. ಹಾಕಿದ್ವಿ, ಫ್ಯಾನ್ ತಿರುಗಲಿಲ್ಲ ಆದ್ರ ಬಲ್ಬ್ ಹತ್ತಿತು! ಮರುದಿನ ಕೇಳಿದಾಗ ಹೇಳಿದ್ರು, ಸ್ವಿಚ್ ನೀವ ಆಫ್ ಮಾಡೀರೋ ಇಲ್ಲಾ ಲೈನ್ ಹೋಗೇತೋ ಅಂತ ಈ ಬಲ್ಬಿಗೆ ಗೊತ್ತಾಗೂದು ವೈರ್ ಸುತ್ತಿನಿಂದ ಅಂತ್ರಿ. ಫ್ಯಾನೋ ಫ್ರಿಜ್ಜೋ ಏನರ ಒಂದು ಜೋಡಿಸಿದ್ದಿದ್ರ ಅದರೊಳಗಿಂದ ಸುತ್ತು ಪೂರ್ತಿ ಆಕ್ಕೈತಿ, ಬಲ್ಬ್ ಉರಿತೈತಿ. ಮೇನೂ ಇಳಿಸಿ ಎಲ್ಲಾ ಕಿತ್ತಿಟ್ರ ಸುತ್ತು ಕಟ್, ನೀವ ಆಫ್ ಮಾಡೀರಿ ಅಂತ ತಿಳ್ಕೊಂಡು ಸುಮ್ಮನಾಗ್ತೈತಿ. ಬಾಕ್ಸ್ ಮ್ಯಾಲೆ ಇದೊಂದ್ ಅಕ್ಷರ ಇಲ್ಲ.

ಬಾಕ್ಸ್ ಮ್ಯಾಲೆ ಇರೋದು ‘4 ಗಂಟೆ ಬ್ಯಾಕಪ್’. ನಮ್ಮದ್ರಾಗ ಇರೋದು 3.7 ವೋಲ್ಟ್, 2200 ಎಂಎಎಚ್ ಬ್ಯಾಟರಿ, ಗುಣಿಸಿ ಸಾವಿರದಿಂದ ಭಾಗಿಸಿದ್ರ 8 ವ್ಯಾಟ್ ಅವರ್ ಚಿಲ್ಲರೆ, ಅಂದ್ರ 8 ವ್ಯಾಟ್ ಬಲ್ಬ್ ಒಂದು ತಾಸು ಉರಿಯೋವಷ್ಟ. 9 ವ್ಯಾಟ್‌ನಂಗ ಉರಿದ್ರ ಒಂದು ತಾಸೂ ಬರಂಗಿಲ್ಲ, ಅದಕ್ಕ ಕರೆಂಟ್ ಹೋದ ಕೂಡ್ಲೆ ತಾನ ಮಂದ ಆಗ್ತೈತಿ. ಊಟ ಮಾಡಾಕ, ಗ್ವಾಡಿ ಮ್ಯಾಲೆ ಕೈಲೆ ನಾಯಿ ಮೊಲ ಮಾಡಿ ತೋರ್ಸಾಕ ಸಾಕು, ಮಗಳ ಹೋಂವರ್ಕ್‌ಗೆ ಸಾಲಂಗಿಲ್ಲ. ಹಾಲ್‌ನ್ಯಾಗಿಂದು ಮೂರು ತಾಸಿನ ಮ್ಯಾಲೆ ಬಂತು. ಅಡಿಗಿಮನಿದು ಒಂದ ತಾಸಿಗೆ ಸತ್ತು ಹೋತು, ಯಾಕಂದ್ರ ಸ್ವಿಚ್ ಆನ್ ಇದ್ದಾಗಷ್ಟ ಇದು ಚಾರ್ಜ್ ಆಗೂದು, ತುಂಬಾಕ 8-10 ತಾಸು ಬೇಕು, ಅಡಿಗಿಮನಿ ಲೈಟ್ ನಾವು ದಿನಾ ಹಚ್ಚೂದ ಒಂದೂವರಿ ತಾಸು. ಅದಕ್ಕ ಆರು ಬ್ಯಾಡ ಅಂದೆ, ಆರೂ ಬಲ್ಬ್ ದಿನಾ ಹತ್ತು ತಾಸು ಯಾರು ಉರಸ್ತಾರ್ರಿ?

ಒಂದು ಮಜಾ ಐತಿ. ಬಲ್ಬ್ ಬಿಚ್ಚಿ ತಳದಾಗಿನ ಎರಡೂ ಲೋಹದ ಬೊಟ್ಟಿಗೆ ಒದ್ದಿ ಬಟ್ಟು ಹಚ್ಚಿದ್ರ ಕೈಯಾಗ ಹತ್ತತೈತಿ. ನಮ್ಮ ಎರಡೂ ಮಕ್ಕಳು ಇದಕ್ಕ ಜಗಳಾಡಿ ಜಗಳಾಡಿ ಬಚ್ಚಲಮನಿ ತನಕ ಹಿಡ್ಕೊಂಡು ಹೋದ್ವು. ಬಿಚ್ಚೂ ಮುಂಚೆ ದೊಡ್ಡವ್ರ ಸ್ವಿಚ್ ಆಫ್ ಮಾಡಿ ಬಿಚ್ಚಿ ಕೊಡ್ರಿ ಮತ್ತ, ಕರೆಂಟ್ ಯಾವಾಗ ಬರ್ತೈತಿ ಹೇಳಾಕ ಬರಂಗಿಲ್ಲ, ಖಾಲಿ ಹೋಲ್ಡರ್‌ನ್ಯಾಗ ಕೈ ಹಾಕಿಗೀಕ್ಯಾರು.

ರಾತ್ರಿ ಹನ್ನೆರಡರ ಸುಮಾರು ಹಾಲ್‌ನ್ಯಾಗಿಂದೂ ಹೋತು. ಆಮ್ಯಾಲೆ ಸೆಕಿ, ಸೊಳ್ಳಿ, ನಾನು ರಟ್ಟಿಲೆ ಗಾಳಿ ಬೀಸಿದ್ದು, ಅದಕ್ಕೆಲ್ಲಾ ಬಲ್ಬ್ ಏನ್ ಮಾಡೀತು ಪಾಪ. ಬೆಳಿಗ್ಗೆ ಪಾವ್ ಮಾರೋ ಪೊದೇರ್ ಸೈಕಲ್ ಹಾರ್ನ್ ಹೊಡದಾಗ ಎದ್ವಿ, ಮೋಟರ್ ಇಲ್ದ ನೀರೂ ಇಲ್ಲ. ಸಣ್ಣಾವ ಬಲ್ಬ್ ಹಿಡ್ಕೊಂಡು ಉಗುಳು ಹಚ್ಚಿ ಹಚ್ಚಿ ನೋಡಿದ, ಹತ್ತಲಿಲ್ಲ, ಅವ್ವಾ ಇದಕ್ಕ ಹಸಿವ್ಯಾಗೇತಿ ಅಂತ ಅದಕ್ಕ ಪಾವ್ ತಿನಸಾಕ ನಿಂತ. ಸಂಜೀಕ ಲೈಟ್ ಬಂದ್ವು.

ಐದಕ್ಕ ಮೂರೂವರಿ ಸ್ಟಾರ್. ಈಗ ವಾರಕ್ಕೊಮ್ಮೆ ಅಡಿಗಿಮನಿ ಬಲ್ಬ್ ಹಾಲ್‌ಗೆ, ಹಾಲ್‌ದು ಅಡಿಗಿಮನಿಗೆ ಅದಲಿ ಬದಲಿ ಮಾಡ್ತೀವಿ, ಎರಡೂ ಹೊಟ್ಟಿ ತುಂಬ ಇರ್ತಾವು. ಜೋಡಿ ಒಂದು ಸೆಲ್ ಟಾರ್ಚೂ ತಂದಿಟ್ಟೀವಿ, ಫ್ರಿಜ್ ಮ್ಯಾಲೆ, ಮಕ್ಕಳ ಕೈಗೆ ಸಿಗದಂಗ.