ಹುಬ್ಬಳ್ಳಿಯಿಂದ ಅಗ್ಗದ ವಿಮಾನ: ಮೊಣಕಾಲಿಗೆ ಎಷ್ಟು ಜಾಗ?

ಟಿಕೆಟ್ ಬುಕ್ ಮಾಡುವಾಗ ದರದ ಹತ್ತಿರವೇ ಸಣ್ಣ ಅಕ್ಷರದಲ್ಲಿ ವಿಮಾನದ ಮಾದರಿ ಬರೆದಿರುತ್ತದೆ. ಬಹಳಷ್ಟು ಜನ ಅದರತ್ತ ಕಣ್ಣೇ ಹಾಯಿಸುವುದಿಲ್ಲ. ಗೋಕುಲ ರಸ್ತೆಯ ನಿಲ್ದಾಣದಿಂದ ಹಾರುವವರು ಮೊದಲು ನೋಡಬೇಕಾದದ್ದು ಅದನ್ನೇ. ರೆಕ್ಕೆಗೆ ಪಂಖ ಹಚ್ಚಿದ ಎಟಿಆರ್ 72ರಲ್ಲಿ ಕೂಡ್ರುವ ಸುಖದುಃಖ ಬೇರೆ, ಏರ್‌ಬಸ್ ಎ320 ಜೆಟ್‌ನದು ಬೇರೆ.

ಇಂಚಿನ ಲೆಕ್ಕ ಮೊದಲು. ಕಂಪನಿಗಳು ಹೇಳುವ 'ಪಿಚ್' ಅಂದರೆ ಒಂದು ಸೀಟಿನ ಬೆನ್ನಿನಿಂದ ಅದರ ಮುಂದಿನ ಸೀಟಿನ ಬೆನ್ನಿನವರೆಗಿನ ದೂರ. ಸೀಟಿನ ದಪ್ಪವೂ ಅದರಲ್ಲೇ ಸೇರಿರುವುದರಿಂದ ಅಷ್ಟೂ ಜಾಗ ನಿಮ್ಮದಲ್ಲ. ಮೊದಲು 31–32 ಇಂಚು ಸಾಮಾನ್ಯವಾಗಿತ್ತು. ಈಗ ಬಜೆಟ್ ವಿಮಾನಗಳಲ್ಲಿ 28ರಿಂದ 30. ಮನೆಯಲ್ಲೇ ಅಳೆದು ನೋಡಿ: ಗೋಡೆಗೆ ಬೆನ್ನು ಹಚ್ಚಿ ಸ್ಟೂಲಿನ ಮೇಲೆ ಕೂತು, ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ಟೇಪು ಹಿಡಿಯಿರಿ. 25 ಇಂಚು ದಾಟಿದರೆ 28ರ ಪಿಚ್‌ನಲ್ಲಿ ಮೊಣಕಾಲು ಮುಂದಿನ ಸೀಟಿಗೆ ತಾಗುವುದು ಹೆಚ್ಚುಕಡಿಮೆ ಖಚಿತ.

ಕಳೆದುಕೊಂಡ ಜಾಗವನ್ನು ತೆಳು ಸೀಟು ಸ್ವಲ್ಪ ಮರಳಿಸಿದೆ, ಸುಳ್ಳಲ್ಲ. ಮೊಣಕಾಲಿನ ಎದುರಿಗಿದ್ದ ಪುಸ್ತಕದ ಜೇಬನ್ನು ಟ್ರೇಯ ಮೇಲಕ್ಕೆ ಸರಿಸಿ ಇಂಚೊಂದನ್ನು ಗಳಿಸಿದ್ದಾರೆ. ಆದರೆ ಸ್ಪಂಜು ತೆಳುವಾದ ಮೇಲೆ ಒಂದೂವರೆ ತಾಸಿಗೆ ಸೊಂಟದ ಕೆಳಗಿನ ಎಲುಬು ಒತ್ತತೊಡಗುತ್ತದೆ. ಅನೇಕ ಸೀಟುಗಳ ಬೆನ್ನು ವಾಲುವುದೂ ಇಲ್ಲ. ಇದನ್ನು ನಾವು ಗುಣವೆಂದೇ ಎಣಿಸುತ್ತೇವೆ, ಮುಂದಿನವರು ನಿಮ್ಮ ಚಹಾದ ಮೇಲೆ ಒರಗುವ ಭಯವಿಲ್ಲ.

ಎ320ಯಲ್ಲಿ 180 ಇದ್ದ ಸೀಟು 186 ಆದದ್ದು ಹೇಗೆ ಎಂದು ತಿಳಿಯಬೇಕಾದರೆ ಹಿಂದಿನ ಶೌಚಾಲಯಕ್ಕೆ ಹೋಗಿಬನ್ನಿ. ಅಡುಗೆ ಕಟ್ಟೆಯನ್ನೂ ಶೌಚಾಲಯಗಳನ್ನೂ ಬಾಲದ ಗೋಡೆಗೆ ಒತ್ತಿ ಒಂದು ಸಾಲು ಹುಟ್ಟಿಸಿದ್ದಾರೆ; ಒಳಗೆ ತಿರುಗಿದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ನಿಯಮದಂತೆ 50 ಸೀಟಿಗೆ ಒಬ್ಬ ಕ್ಯಾಬಿನ್ ಸಿಬ್ಬಂದಿ. 180ಕ್ಕೂ ನಾಲ್ವರು, 186ಕ್ಕೂ ನಾಲ್ವರೇ. ಹೆಚ್ಚಿನ ಆರು ಟಿಕೆಟ್‌ಗೆ ಸಂಬಳದ ಖರ್ಚಿಲ್ಲ, ಗಿಟ್ಟದೆ ಇರುತ್ತದೆಯೇ?

ಎಟಿಆರ್‌ನಲ್ಲಿ ಅತ್ತ ಎರಡು, ಇತ್ತ ಎರಡು ಸೀಟು. ನಡುವಿನ ಸೀಟು ಎಂಬ ಶಿಕ್ಷೆಯೇ ಇಲ್ಲ. ಕ್ಯಾಬಿನ್ ಅಗಲ 2.57 ಮೀಟರ್, ಎತ್ತರ 1.91 ಮೀಟರ್, ಆರಡಿ ಮೀರಿದವರು ತಲೆ ಕಾಯ್ದುಕೊಳ್ಳಬೇಕು. ಬಾಗಿಲು ಹಿಂದೆ ಇರುವುದರಿಂದ 'ಮುಂದಿನ ಸೀಟು ಬೇಗ ಇಳಿಯಬಹುದು' ಎಂದು ದುಡ್ಡು ಕೊಟ್ಟವರು ಕೊನೆಗೆ ಇಳಿಯುತ್ತಾರೆ. ಪಂಖದ ನೇರಕ್ಕೆ ಬರುವ ಮುಂಭಾಗದ ಸಾಲುಗಳಲ್ಲಿ ಗುಂಯ್‌ಗುಡುವ ಸದ್ದು, ನಡುಕ ಎರಡೂ ಜಾಸ್ತಿ. ಹಿಂದೆ ಕೂಡ್ರಿ.

ಎಟಿಆರ್‌ನಲ್ಲಿ ಎಡವಟ್ಟಾಗುವುದು ಕಾಲಿಗಿಂತ ಬ್ಯಾಗಿನ ವಿಷಯದಲ್ಲಿ. 55×35×25 ಸೆಂ.ಮೀ., 7 ಕಿಲೋ ಎಂಬ ನಿಯಮದೊಳಗೇ ಇರುವ ಗಟ್ಟಿ ಟ್ರಾಲಿ ಕೂಡ ತಲೆಮೇಲಿನ ಗೂಡಿನಲ್ಲಿ ಹಿಡಿಸದೆ, ವಿಮಾನದ ಮೆಟ್ಟಿಲ ಬುಡದಲ್ಲೇ ಇಸಿದುಕೊಂಡು ಸರಕಿನ ಖಾನೆಗೆ ಹಾಕುತ್ತಾರೆ. ಪವರ್ ಬ್ಯಾಂಕ್ ಸರಕಿನ ಖಾನೆಗೆ ಹೋಗುವಂತಿಲ್ಲ. ಅಲ್ಲಿ ಸಾಲು ನಿಲ್ಲಿಸಿ ಟ್ರಾಲಿ ಬಿಚ್ಚಿ, ಸೀರೆ, ಟಾವೆಲ್ಲು, ಪೇಡೆ ಡಬ್ಬಿಗಳ ಅಡಿಯಿಂದ ಅದನ್ನು ಹುಡುಕುವ ಪೇಚಾಟ ಬೇಡ. ಪವರ್ ಬ್ಯಾಂಕ್, ಔಷಧಿ, ಬಂಗಾರ ಒಂದು ಸಣ್ಣ ಬಟ್ಟೆ ಚೀಲದಲ್ಲಿರಲಿ. ಜೆಟ್‌ನಲ್ಲಾದರೂ ಬ್ಯಾಗನ್ನು ಮೇಲಿಡಿ. ಮುಂದಿನ ಸೀಟಿನ ಕೆಳಗೆ ತುರುಕಿದರೆ ಪಾದ ಚಾಚುವ ಜಾಗವನ್ನು ನೀವೇ ಮುಚ್ಚಿದಂತೆ.

ಮಂಡಿನೋವಿನ ಹಿರಿಯರಿಗೆ ಸೀಟು ಆರಿಸುವಾಗ ಅಕ್ಷರ ನೋಡಿ. ಎ320ಯಲ್ಲಿ 'ಸಿ' ಸೀಟಿನವರಿಗೆ ನಡುದಾರಿ ಬಲಕ್ಕೆ, ಹಾಗಾಗಿ ಬಲಗಾಲು ಚಾಚಬಹುದು, 'ಡಿ'ಯಲ್ಲಿ ಎಡಗಾಲು. ದಾರಿಯ ಬದಿಯ ಕೈಯಾಸರೆ ಎತ್ತಲು ಬರುವುದಿಲ್ಲ ಎಂದೇ ಜನ ತಿಳಿದಿದ್ದಾರೆ. ಅನೇಕ ಸೀಟುಗಳಲ್ಲಿ ಅದರ ಬುಡದ ಅಡಿಭಾಗದಲ್ಲಿ, ಬೆನ್ನಿಗೆ ಕೂಡುವ ಕೀಲಿನ ಹತ್ತಿರ, ಬೆರಳಿಗೆ ಮಾತ್ರ ಸಿಗುವ ಗುಂಡಿ ಇರುತ್ತದೆ. ಒತ್ತಿದರೆ ಆಸರೆ ಮೇಲೇಳುತ್ತದೆ, ಪಕ್ಕದಿಂದ ಕೂತು ಕಾಲು ಒಳಗೆಳೆದುಕೊಳ್ಳಬಹುದು. ಗೊತ್ತಾಗದಿದ್ದರೆ ಸಿಬ್ಬಂದಿಯನ್ನು ಕೇಳಿ. ವಿಮಾನ ಮೇಲೇರುವಾಗ, ಇಳಿಯುವಾಗ ಆಸರೆ ಕೆಳಗಿರಬೇಕು. ಬೆಲ್ಟ್ ಸಾಲದಿದ್ದರೆ ಜೋಡಿಸುವ ತುಂಡನ್ನೂ ಅವರೇ ಕೊಡುತ್ತಾರೆ.

ದುಡ್ಡು ಕೊಟ್ಟು ಕಾಲಿನ ಜಾಗ ಕೊಳ್ಳಬೇಕೇ? ಬೆಂಗಳೂರಿಗಾದರೆ ಬೇಡ. ಹಾವೇರಿಯವರಿಗೋ ಗದಗಿನವರಿಗೋ ಹೆಚ್ಚುಕಡಿಮೆ ವಿಮಾನದಷ್ಟೇ ಹೊತ್ತು ಕಾರಿನಲ್ಲೂ ಕಳೆಯುತ್ತದೆ. ಆ ದುಡ್ಡಿಗೆ ದೊಡ್ಡ ಕಾರು ಮಾಡಿ. ದೆಹಲಿಯಷ್ಟು ದೂರವಾದರೆ ಕೊಡಿ. ಆಗ ಎ320ಯ ಎರಡು ಎಮರ್ಜೆನ್ಸಿ ಎಕ್ಸಿಟ್ ಸಾಲುಗಳಲ್ಲಿ ಹಿಂದಿನದನ್ನು ಆರಿಸಿ. ಬೆನ್ನು ವಾಲುವ ಸೀಟುಗಳಿದ್ದರೂ ಮುಂದಿನ ಸಾಲಿನದು ವಾಲದಂತೆ ಕಟ್ಟಿರುತ್ತಾರೆ. ಮಕ್ಕಳು, ಗರ್ಭಿಣಿಯರು, ನಡೆಯಲಾಗದವರಿಗೆ ಅಲ್ಲಿ ಸೀಟು ಕೊಡುವುದಿಲ್ಲ. ಮೊದಲ ಸಾಲು ನಮಗೆ ಅಷ್ಟಕ್ಕಷ್ಟೆ: ಟ್ರೇ ಕೈಯಾಸರೆಯೊಳಗೆ ಮಡಚಿರುವುದರಿಂದ ಆಸರೆ ಮೇಲೇಳುವುದಿಲ್ಲ, ಸೊಂಟಕ್ಕೆ ಇಕ್ಕಟ್ಟು.

ಮಗುವಿನ ಪಕ್ಕ ಕೂಡ್ರಲೆಂದು ಮಾತ್ರ ಸೀಟಿನ ದುಡ್ಡು ಕಟ್ಟಬೇಡಿ. ಒಂದೇ ಪಿಎನ್‌ಆರ್‌ನಲ್ಲಿದ್ದರೆ 12 ವರ್ಷದೊಳಗಿನ ಮಕ್ಕಳಿಗೆ ಅಪ್ಪನದೋ ಅವ್ವನದೋ ಪಕ್ಕದ ಸೀಟು ಕೊಡಬೇಕೆಂದು ವಿಮಾನಯಾನದ ನಿಯಂತ್ರಣ ಸಂಸ್ಥೆ ಡಿಜಿಸಿಎ 2024ರಲ್ಲಿ ಸೂಚಿಸಿದೆ. ಕೌಂಟರಿನಲ್ಲಿ ಇಷ್ಟನ್ನೇ ಹೇಳಿ.

ನಮ್ಮ ಅಂಕ: ಬೆಂಗಳೂರಿಗೆ ಎಟಿಆರ್ ಐದಕ್ಕೆ ಮೂರೂವರೆ, ದೂರದ ಊರಿಗೆ 186 ಸೀಟಿನ ಎ320 ಐದಕ್ಕೆ ಎರಡು.