ಹುಬ್ಬಳ್ಳಿಯಲ್ಲಿ ‘ಅಸಲಿ ಕೇದಗಿ ರೂಹ್’ ಕೊಳ್ಳುವ ಮುನ್ನ ಇದನ್ನು ಓದಿ

ಹುಬ್ಬಳ್ಳಿಯ ಅತ್ತರಿನ ಅಂಗಡಿಯೊಂದರಲ್ಲಿ ‘ಅಸಲಿ ಕೇದಗಿ ರೂಹ್’, ಎಂದರೆ ಹೂವಿನಿಂದ ಭಟ್ಟಿ ಇಳಿಸಿದ ಅಪ್ಪಟ ಸುಗಂಧ ತೈಲ, ಎಂದು ಹೇಳಿ 10 ಮಿಲಿಗೆ 4,500 ರೂಪಾಯಿ ಕಿತ್ತುಕೊಂಡರು. ಕಿತ್ತುಕೊಂಡರು ಎನ್ನುವುದಕ್ಕಿಂತ ನಾನೇ ಎಣಿಸಿ ಕೊಟ್ಟೆ ಎನ್ನುವುದು ಸರಿ. ಪಿಯುಸಿ ಮಕ್ಕಳಿಗೆ 22 ವರ್ಷ ರಸಾಯನಶಾಸ್ತ್ರ ಕಲಿಸಿದವನು ಹೀಗೆ ಮೋಸಹೋದೆನೆಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ.

ನಮ್ಮವ್ವನ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಮಡಿಕೆಯ ನಡುವೆ ಒಣಗಿದ ಕೇದಗಿಯ ಎಸಳುಗಳಿರುತ್ತಿದ್ದವು. ಆ ವಾಸನೆಯನ್ನು ಮನೆಯಲ್ಲಿಯೇ ಕಟ್ಟಬೇಕೆಂಬುದು ನನ್ನ ಎರಡು ವರ್ಷದ ಹಟ. ಕೇದಗಿಯಲ್ಲಿ ಘಮಿಸುವುದು ಗಂಡು ಹೂವು; ಒಡಿಶಾದ ಗಂಜಾಂ ಜಿಲ್ಲೆಯಲ್ಲಿ ಅದನ್ನು ಭಟ್ಟಿ ಇಳಿಸಿ ರೂಹ್ ತೆಗೆಯುತ್ತಾರೆ. ಅದರಲ್ಲಿ ಹೆಚ್ಚಿನ ಪಾಲು ಫಿನೈಲ್‌ಈಥೈಲ್ ಮೀಥೈಲ್ ಈಥರ್, ಅದರ ನಂತರ ಟರ್ಪಿನೆನ್-4-ಓಲ್. ಈ ಎರಡು ಸುಗಂಧ ರಾಸಾಯನಿಕಗಳೂ ಕೃತಕವಾಗಿ ತಯಾರಾಗಿ ಬಿಡಿಯಾಗಿ ಸಿಗುತ್ತವೆ, ನನ್ನ ಕಪಾಟಿನಲ್ಲಿಯೂ ಇದ್ದವು. ಆದರೆ ಇವೆರಡರಿಂದಲೇ ಕಟ್ಟಿದ್ದು ಶರಬತ್ತಿನ ವಾಸನೆಯಲ್ಲಿ ನಿಂತುಬಿಡುತ್ತಿತ್ತು, ಎಸಳಿನ ಹಸಿತನ ಬರುತ್ತಿರಲಿಲ್ಲ. ಅದಕ್ಕಾಗಿ ನಾಲ್ಕು ಹನಿ ನಿಜವಾದ ರೂಹ್ ಬೇಕಾಗಿತ್ತು.

ಅಂಗಡಿಯವರು ತಮ್ಮ ದೊಡ್ಡ ಬಾಟಲಿಯಿಂದ ಗಾಜಿನ ಕಡ್ಡಿಯಲ್ಲಿ ನನ್ನ ಮುಂಗೈಗೆ ಹಚ್ಚಿದರು. ಅದು ಅಸಲಿಯೇ ಇತ್ತು, ಈಗಲೂ ಹಾಗೆಯೇ ಹೇಳುತ್ತೇನೆ. ಒಂದು ಕ್ಷಣ ಟ್ರಂಕಿನ ಮುಚ್ಚಳ ತೆರೆದಂತಾಯಿತು. ನನ್ನ ಕೈಗೆ ಕೊಟ್ಟದ್ದು ಮಾತ್ರ ಒಳಗಿನಿಂದ ತಂದ, ಮೊದಲೇ ಸೀಲ್ ಮಾಡಿದ್ದ ಸಣ್ಣ ಬಾಟಲಿ. ಅದರ ಬೂಚು ತೆಗೆಸಿ ಅಲ್ಲಿಯೇ ಮೂಸಬೇಕೆಂದು ನನಗೇಕೆ ಹೊಳೆಯಲಿಲ್ಲವೋ!

ಮನೆಗೆ ಬಂದು ಎರಡು ಕಾಗದದ ಪಟ್ಟಿ ತೆಗೆದುಕೊಂಡೆ. ಒಂದರ ತುದಿಯನ್ನು ಹೊಸ ರೂಹ್‌ನಲ್ಲಿ, ಇನ್ನೊಂದನ್ನು ನನ್ನ ಕಪಾಟಿನ ಈಥರ್‌ನಲ್ಲಿ ಅದ್ದಿ ಮೂಸಿದರೆ ಯಾವುದು ಯಾವುದೆಂದು ಗುರುತೇ ಹತ್ತಲಿಲ್ಲ. ಮನೆಯಲ್ಲೇ ಇದ್ದ ವಸ್ತುವನ್ನು 4,500 ಕೊಟ್ಟು ಮತ್ತೆ ತಂದಿದ್ದೆ! ಅದೂ ತೆಳುವಾಗಿಸಿದ್ದನ್ನು. ಮರುದಿನ ನನ್ನ ಈಥರ್‌ನ ಪಟ್ಟಿ ಒಣಗಿತ್ತು, ರೂಹ್‌ನ ಪಟ್ಟಿಯಲ್ಲಿ ಬಜಿ ಕಟ್ಟಿದ ಪೇಪರಿನಂತೆ ಎಣ್ಣೆಯ ಕಲೆ ಉಳಿದಿತ್ತು. ಹತ್ತು ಮಿಲಿಯನ್ನು ತಕ್ಕಡಿಯಲ್ಲಿಟ್ಟರೆ 8.6 ಗ್ರಾಂ ಮಾತ್ರ, ಈಥರ್‌ನದು 9.5ರ ಆಸುಪಾಸು ಬರುತ್ತದೆ. ಒಂದು ಮಿಲಿಯನ್ನು ಆಲ್ಕೊಹಾಲಿಗೆ ಹಾಕಿ ಕಲಕಿದಾಗ ಮಜ್ಜಿಗೆಯಂತೆ ಬೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ಗುಂಡು ಗುಂಡಾದ ಹನಿಗಳು ಕೂತವು. ಅಸಲಿ ರೂಹ್ ಆಲ್ಕೊಹಾಲಿನಲ್ಲಿ ಕರಗುತ್ತದೆ; ಹೀಗೆ ಕರಗದೆ ಕೂತದ್ದು ವಾಸನೆಯಿಲ್ಲದ ಖನಿಜ ತೈಲ, ಲಿಕ್ವಿಡ್ ಪ್ಯಾರಾಫಿನ್ನೇ ಸರಿ.

ಬಾಟಲಿ ಹಿಡಿದು ಹೋದೆ. ಮೊದಲ ಉತ್ತರ: “ಸರ್, ನೈಸರ್ಗಿಕ ಮಾಲ್ ಅಂದ ಮ್ಯಾಲೆ ಬ್ಯಾಚಿಗೊಂದು ವಾಸನಿ ಇರ್ತೈತ್ರಿ.” ಆಲ್ಕೊಹಾಲಿನ ಸಂಗತಿ ಹೇಳಿದೆ. “ಇದನ್ನ ಮೈಗೆ ಹಚ್ಕೋಬೇಕ್ರಿ, ಮನ್ಯಾಗ ಕಲಸಾಕ ಯಾರ್ ಹೇಳ್ಯಾರ?” ಲ್ಯಾಬ್ ವರದಿ ಕೇಳಿದಾಗ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದರು, ಅದರಲ್ಲಿದ್ದ ಬ್ಯಾಚ್ ಸಂಖ್ಯೆಯೂ ನನ್ನ ಬಾಟಲಿಯದೂ ಬೇರೆ ಬೇರೆ. ಕೊನೆಗೆ ನಗುತ್ತ, “ಸೀಲ್ ಒಡದ್ರ ವಾಪಸ್ ಇಲ್ರಿ. ನಿಮಗ ನೆಗಡಿ ಆಗೈತೇನ್ ನೋಡ್ರಿ,” ಎಂದರು. ನೆಗಡಿ! ಹಣ ಹೋದದ್ದಕ್ಕಿಂತ ಆ ಮಾತೇ ಹೆಚ್ಚು ಉರಿಯುತ್ತದೆ.

ಕೃತಕ ವಸ್ತುವಿನ ಮೇಲೆ ನನಗೆ ಸಿಟ್ಟಿಲ್ಲ, ಕೃತಕವೆಂದು ಹೇಳಿ ಮಾರಲಿ. ನೀವು ಕೊಳ್ಳುವುದಾದರೆ ನಿಮಗೆ ಕೊಡುವ ಬಾಟಲಿಯನ್ನೇ ತೆರೆಸಿ ಮೂಸಿ, ಒಂದು ಹನಿಯನ್ನು ಆಲ್ಕೊಹಾಲಿನಲ್ಲಿ ಕರಗಿಸಿ ತೋರಿಸಲು ಹೇಳಿ, ವಸ್ತುವಿನ ಹೆಸರು ಬರೆದ ಪಕ್ಕಾ ಬಿಲ್ ಪಡೆಯಿರಿ. ನಾನು ಕಚ್ಚಾ ಚೀಟಿ ಹಿಡಿದು ಬಂದಿದ್ದೆ, ಅದರ ಮೇಲೆ ‘ಅತ್ತರ್ – 1’ ಎಂದಷ್ಟೇ ಇದೆ; ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ಏನೆಂದು ಹೇಳಲಿ?

ಕಳೆದ ವಾರ ಅದೇ ಅಂಗಡಿಯ ಮುಂದೆ ಹಾದುಹೋದೆ. ಗಾಜಿನ ಕಪಾಟಿನಲ್ಲಿ ಅದೇ ಅಳತೆಯ ಬಾಟಲಿಗಳ ಮೇಲೆ ‘ಶುದ್ಧ ಸುರಗಿ’ ಎಂಬ ಹೊಸ ಚೀಟಿ ಅಂಟಿಸಿದ್ದರು.