ತುಮಕೂರು ಎಂ.ಜಿ. ರಸ್ತೆಯ ಮೊಬೈಲ್ ರಿಪೇರಿ: ಕೂಲಿ ಅಗ್ಗ, ಮಾಲು ಅಗ್ಗವಲ್ಲ

ಪರದೆ ಒಡೆದ ಫೋನಿಗೆ ಇಲ್ಲಿನ ಅಂಗಡಿಗಳಲ್ಲಿ ಎರಡು ದಾರಿ. ಒಂದು ಕಾಂಬೊ, ಅಂದರೆ ಡಿಸ್‌ಪ್ಲೇ, ಟಚ್ ಎಲ್ಲ ಸೇರಿದ ಇಡೀ ಪರದೆ. ಇನ್ನೊಂದು ಬರೀ ಮೇಲಿನ ಗ್ಲಾಸ್. ಚಿತ್ರ ಸರಿಯಾಗಿ ಕಾಣುತ್ತಿದ್ದು ಟಚ್ ಕೂಡ ಕೆಲಸ ಮಾಡುತ್ತಿದ್ದರೆ ಗ್ಲಾಸ್ ಮಾತ್ರ ಹಾಕಿಸಿ. ಇದರಲ್ಲಿ ಇಲ್ಲಿಯವರದು ಪಳಗಿದ ಕೈ.

ಹಾಟ್ ಪ್ಲೇಟ್ ಮೇಲೆ ಸುಮಾರು 80 ಡಿಗ್ರಿಗೆ ಕಾಯಿಸಿ, ಕೂದಲೆಳೆಯಂಥ ತಂತಿ ಎಳೆದು ಒಡೆದ ಗ್ಲಾಸ್ ಬಿಡಿಸುತ್ತಾರೆ. ಹಳೇ ಅಂಟು ಉಜ್ಜಿ, ಒಸಿಎ ಅನ್ನುವ ಪಾರದರ್ಶಕ ಅಂಟಿನ ಹಾಳೆಯಿಟ್ಟು ಹೊಸದನ್ನು ಕೂರಿಸಿ, ಗುಳ್ಳೆ ಹೋಗಲೆಂದು ಒತ್ತಡದ ಯಂತ್ರದಲ್ಲಿಡುತ್ತಾರೆ. ಬಿಸಿ ಹೆಚ್ಚಾದರೆ ಅಮೋಲೆಡ್ ಪರದೆಯಲ್ಲಿ ಕಲೆ, ತಂತಿ ಓರೆಯಾದರೆ ಗೆರೆ. ಹಾಗಾದರೆ ಕಾಂಬೊ ಖರ್ಚು ಯಾರ ತಲೆಗೆ ಅನ್ನುವುದನ್ನು ಫೋನ್ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಗ್ಲಾಸ್ ಬಿಲ್ಲಿನಲ್ಲಿ ಮಾಲಿನ ಪಾಲು ಅಲ್ಪ, ಹೆಚ್ಚಿನದೆಲ್ಲ ಕೂಲಿ, ಅದಕ್ಕೇ ಅಗ್ಗ. ಕಾಂಬೊಗೆ ಎಷ್ಟು ಚೌಕಾಸಿ ಮಾಡಿದರೂ ಇಳಿಯುವುದು ಕಡಿಮೆ. ಚೀನಾದಲ್ಲಿ ತಯಾರಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಸಗಟು ಪೇಟೆ ದಾಟಿ ಬರುವ ಮಾಲು ಅದು, ಲೆಕ್ಕ ಡಾಲರಿನದು. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ರಿಪೇರಿಯವನಿಗೂ ಅದರ ಸಗಟು ದರ ತೀರಾ ಬೇರೆಯೇನಲ್ಲ. ಅವನ ಬಿಲ್ ಏರುವುದು ಕೂಲಿ, ಬಾಡಿಗೆಗಳಿಂದ.

ಅವನ ಕೈ ಹೆಚ್ಚು ಚುರುಕು ಅಂತಲ್ಲ. ಔಷಧಿ, ಯಂತ್ರ ಮಾಡಿ ಜಗತ್ತಿಗೇ ಮಾರುವ ಸ್ವಿಸ್ ಕಾರ್ಖಾನೆಗಳಲ್ಲಿ ಒಬ್ಬೊಬ್ಬನ ದುಡಿಮೆಯ ಹುಟ್ಟುವಳಿ ದೊಡ್ಡದು, ಸಂಬಳವೂ ಹಾಗೇ. ಅದಕ್ಕೆ ಹತ್ತಿರಹತ್ತಿರ ಕೊಡದಿದ್ದರೆ ರಿಪೇರಿ ಟೇಬಲ್ಲಿಗೆ ಯಾರು ಬರುತ್ತಾರೆ? ಅರ್ಥಶಾಸ್ತ್ರಜ್ಞರಾದ ಬೆಲಾ ಬಲಾಸಾ, ಪಾಲ್ ಸ್ಯಾಮ್ಯುಯೆಲ್ಸನ್ 1964ರಲ್ಲಿ ಬೇರೆಬೇರೆಯಾಗಿ ಹೇಳಿದ್ದು ಇದನ್ನೇ. ಕ್ಷೌರ, ಮನೆ ಬಾಡಿಗೆ, ಹೋಟೆಲಿನ ತಟ್ಟೆ ಇಡ್ಲಿ, ಗಡಿ ದಾಟದ್ದೆಲ್ಲ ಇದೇ ಸಾಲಿಗೆ. ವಿಶ್ವಬ್ಯಾಂಕ್ ಹೋಲಿಕೆಯಂತೆ 2017ರಲ್ಲಿ ಡಾಲರಿನ ವಿನಿಮಯ ದರ 65.12 ರೂಪಾಯಿ; ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟಕ್ಕೆ ಇಲ್ಲಿ ಸಾಕಾಗುತ್ತಿದ್ದದ್ದು 20.65.

ಗ್ಲಾಸ್ ಬದಲಿಸುವ ಕಸುಬು ಇಲ್ಲಿ ಗಟ್ಟಿಯಾಗಿರುವುದೂ ಇದರಿಂದಲೇ. ಕೂಲಿ ದುಬಾರಿಯಾದ ಕಡೆ ಇಷ್ಟು ಹೊತ್ತು ಕೂತು ಬಿಡಿಸುವುದಕ್ಕಿಂತ ಇಡೀ ಪರದೆ ಎಸೆಯುವುದೇ ಲಾಭ.

ಕಾಂಬೊ ಅನಿವಾರ್ಯವಾದರೆ ಕೂಲಿಗೆ ಜಗ್ಗಾಡಬೇಡಿ, ಮಾಲಿನ ದರ್ಜೆ ಕೇಳಿ. ಅಮೋಲೆಡ್ ಇದ್ದ ಜಾಗಕ್ಕೆ ಎಲ್‌ಸಿಡಿ ಕಾಪಿ ಹಾಕಿದರೆ ಪರದೆಯೊಳಗಿನ ಬೆರಳಚ್ಚು ಸೆನ್ಸರ್ ಕೆಲಸ ಮಾಡುವುದಿಲ್ಲ. ಅಂಟು ಹಾಕುವ ಮುನ್ನವೇ ಕನೆಕ್ಟರ್ ಸಿಕ್ಕಿಸಿ ನಾಲ್ಕು ಅಂಚಿನಲ್ಲೂ ಟಚ್ ನೋಡಿ. ಬಿಲ್ಲಿನಲ್ಲಿ ಮಾಲು, ಕೂಲಿ ಬೇರೆಬೇರೆ ಬರೆಸಿ. ಹೆಚ್ಚಿನ ಅಂಗಡಿಗಳು ಕೇಳದೆ ಬರೆಯುವುದಿಲ್ಲ.